ಓದುಗರ ಪ್ರಶ್ನೆ, ತಜ್ಞರ ಉತ್ತರ: ಸಿಗ್ನಲ್ ಪಕ್ಕದಲ್ಲೇ ದೊಡ್ಡ ಕಟ್ಟಡ ಎದ್ದರೆ

ಪ್ರಶ್ನೆ: ನಮ್ಮ ಬಡಾವಣೆಯ ಸಿಗ್ನಲ್ ಮೂಲೆಯಲ್ಲಿ 400 ಮನೆಗಳ ಅಪಾರ್ಟ್‌ಮೆಂಟ್ ಏಳುತ್ತಿದೆ. ಬೆಳಗಿನ ಹೊತ್ತು ಈಗಲೇ ಕೆಲವೊಮ್ಮೆ ಎರಡು ಸಿಗ್ನಲ್ ಕಾಯಬೇಕು. "ಹೆಚ್ಚುವುದು ಶೇ 15ರಷ್ಟು ವಾಹನ ಮಾತ್ರ, ತೊಂದರೆಯಾಗದು" ಎಂದು ಬಿಲ್ಡರ್ ಕಡೆಯವರು ಹೇಳುತ್ತಾರೆ. ನಂಬಬಹುದೇ?
– ಹೆಣ್ಣೂರು, ಬೆಂಗಳೂರು

ಉತ್ತರ: ಶೇಕಡಾವಾರು ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಆ ರಸ್ತೆಗೆ ಇನ್ನೆಷ್ಟು ವಾಹನ ತಾಳುವ ಶಕ್ತಿ ಉಳಿದಿದೆ ಎಂದು ಕೇಳಿ. ಲೆಕ್ಕ ನೀವೇ ಹಾಕಬಹುದು. ಸಿಗ್ನಲ್‌ಗೆ ಬಂದು ಸೇರುವ ಬದಿಯ ಅಗಲವನ್ನು ಮೀಟರ್‌ಗಳಲ್ಲಿ ಅಳೆದು 525ರಿಂದ ಗುಣಿಸಿ. ಹಸಿರು ದೀಪ ಬಿಡದೆ ಉರಿದರೆ ಒಂದು ಗಂಟೆಯಲ್ಲಿ ಅಷ್ಟು ಪಿಸಿಯು, ಅಂದರೆ ಅಷ್ಟು ಕಾರುಗಳಿಗೆ ಸಮನಾದ ವಾಹನಗಳು ದಾಟುತ್ತವೆ. 7 ಮೀಟರ್ ಅಗಲಕ್ಕೆ 3,675. ಆದರೆ ಒಂದು ಹಸಿರಿನಿಂದ ಮುಂದಿನ ಹಸಿರಿನವರೆಗಿನ ಸುತ್ತು 120 ಸೆಕೆಂಡ್, ಅದರಲ್ಲಿ ನಿಮ್ಮ ಬದಿಗೆ ಹಸಿರು ಸಿಗುವುದು 30 ಸೆಕೆಂಡ್ ಎಂದಾದರೆ ನಿಜವಾಗಿ ದಾಟುವುದು ಅದರ ಕಾಲು ಭಾಗ, ಸುಮಾರು 919.

ಇನ್ನು ಅಪಾರ್ಟ್‌ಮೆಂಟ್ ಲೆಕ್ಕ. ನಿಮ್ಮ ಪ್ರದೇಶದಲ್ಲೇ ಜನ ತುಂಬಿರುವ, ಅಷ್ಟೇ ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೆಲಸದ ದಿನ ಬೆಳಿಗ್ಗೆ ನಿಂತು ಎಣಿಸಿ. ಶಾಲೆಗೆ ರಜೆ ಇರುವಾಗ ಎಣಿಸಿದ ಸಂಖ್ಯೆ ಉಪಯೋಗಕ್ಕೆ ಬಾರದು. ಅತಿ ದಟ್ಟಣೆಯ ಒಂದು ಗಂಟೆಯಲ್ಲಿ 180 ಕಾರು, 80 ದ್ವಿಚಕ್ರ ವಾಹನ ಹೊರಬಂದವು ಎನ್ನಿ. ರಸ್ತೆಯಲ್ಲಿ ಬೈಕು, ಸ್ಕೂಟರ್‌ಗಳೇ ಹೆಚ್ಚಿರುವ ನಮ್ಮಂಥ ಊರುಗಳಿಗೆ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಒಂದು ದ್ವಿಚಕ್ರ ವಾಹನವನ್ನು 0.75 ಕಾರು ಎಂದು ಹಿಡಿಯುತ್ತದೆ. ಒಟ್ಟು 240 ಆಯಿತು. ಅದರಲ್ಲಿ ಅರ್ಧ ನಿಮ್ಮ ಸಿಗ್ನಲ್ಲಿನ ಈ ಬದಿಗೆ ಬಂದರೆ 120. ಈಗಾಗಲೇ 830 ಬರುತ್ತಿದ್ದರೆ ಮೊತ್ತ 950, ದಾಟಬಲ್ಲದ್ದು 919. ಗಂಟೆ ಮುಗಿಯುವಾಗ ಎಂದಿನ ಸಾಲಿನ ಹಿಂದೆ 31 ಕಾರುಗಳಷ್ಟು ಹೊಸ ಸಾಲು ಉಳಿಯುತ್ತದೆ. ಎರಡು ಸಾಲಾಗಿ ನಿಂತರೂ ಅದು 90 ಮೀಟರ್ ಮೀರುತ್ತದೆ. ಸಾಮರ್ಥ್ಯದ ಶೇ 90 ತುಂಬಿದ ಮೇಲೆ ಕಾಯುವ ಸಮಯ ಒಮ್ಮೆಲೇ ಏರುತ್ತದೆ. ಅದೇ 120 ವಾಹನ ಅರ್ಧ ಖಾಲಿ ಇರುವ ಸಿಗ್ನಲ್‌ಗೆ ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಹಾಗಾದರೆ ಸಿಗ್ನಲ್ ಸುತ್ತಿನ ಸಮಯವನ್ನು 180 ಸೆಕೆಂಡಿಗೆ ಏರಿಸಿದರೆ ಆಗದೇ?
– ಮೈಸೂರು

ಉತ್ತರ: ಬಹಳ ಕಡಿಮೆ ಪ್ರಯೋಜನ. ನಾಲ್ಕು ಕಡೆಗೂ ಪ್ರತ್ಯೇಕ ಹಸಿರು ಇರುವ ಕಡೆ, ಒಂದೊಂದು ಬದಲಾವಣೆಗೆ 4 ಸೆಕೆಂಡ್‌ನಂತೆ ಪ್ರತಿ ಸುತ್ತಿಗೆ 16 ಸೆಕೆಂಡ್ ವ್ಯರ್ಥ ಎಂದಿಟ್ಟುಕೊಳ್ಳಿ. 120ರ ಸುತ್ತಿನಲ್ಲಿ ಉಪಯೋಗಕ್ಕೆ ಬರುವುದು ಶೇ 87, 180ರಲ್ಲಿ ಶೇ 91. ಅಷ್ಟು ಲಾಭಕ್ಕಾಗಿ ಎಲ್ಲರೂ ಇನ್ನೂ ಮುಕ್ಕಾಲು ನಿಮಿಷ ಕೆಂಪು ನೋಡುತ್ತ ನಿಲ್ಲಬೇಕು. ರಸ್ತೆ ದಾಟುವವರು ಅಷ್ಟು ಹೊತ್ತು ಕಾಯುವುದಿಲ್ಲ, ಸಂದು ಸಿಕ್ಕ ಕಡೆ ನುಗ್ಗುತ್ತಾರೆ. ಅಪಘಾತಕ್ಕೆ ಅಲ್ಲೇ ದಾರಿಯಾಗುತ್ತದೆ.

ಪ್ರಶ್ನೆ: ನಮ್ಮ ಸಂಘ ಬಿಲ್ಡರ್ ಜೊತೆ ಮಾತಿಗೆ ಕೂರಲಿದೆ. ಏನೇನು ಕೇಳಬೇಕು?
– ಹುಬ್ಬಳ್ಳಿ

ಉತ್ತರ: ಮೊದಲು ಗೇಟು. ಬೆಳಗಿನ ದಟ್ಟಣೆಯಲ್ಲಿ ಸಿಗ್ನಲ್ ಸಾಲು ಎಲ್ಲಿಯವರೆಗೆ ಬೆಳೆಯುತ್ತದೆ ಎಂದು ಎರಡು ಮೂರು ದಿನ ಗುರುತು ಹಾಕಿಕೊಳ್ಳಿ. ಗೇಟು ಆ ಗುರುತಿಗಿಂತ ಹಿಂದೆ ಇರಬೇಕು. ಪಕ್ಕದ ಅಡ್ಡರಸ್ತೆಗೆ ಇದ್ದರೆ ಇನ್ನೂ ಒಳ್ಳೆಯದು. ನಿಂತ ಸಾಲಿನ ಮಧ್ಯಕ್ಕೆ ಗೇಟು ತೆರೆದರೆ ಹೊರಬರುವ ಕಾರು ಅಡ್ಡಡ್ಡ ನುಗ್ಗಿ ಎರಡೂ ದಿಕ್ಕನ್ನು ಕಟ್ಟಿಹಾಕುತ್ತದೆ.

ಮುಖ್ಯರಸ್ತೆಗೇ ಗೇಟು ಅನಿವಾರ್ಯವಾದರೆ ಎಡಕ್ಕೆ ಒಳಗೆ, ಎಡಕ್ಕೆ ಹೊರಗೆ ಮಾತ್ರ. ಗೇಟಿನ ಎದುರು ಮೀಡಿಯನ್ (ರಸ್ತೆ ವಿಭಜಕ) ಒಡೆಯಲು ಬಿಡಬೇಡಿ. ಬಲಕ್ಕೆ ಹೋಗಬೇಕಾದವರು ಎಲ್ಲಿ ಯು-ಟರ್ನ್ ತೆಗೆದುಕೊಳ್ಳುತ್ತಾರೆ ಎಂದು ಆಗಲೇ ಕೇಳಿ. ಅದು ನಿಮ್ಮ ಸಿಗ್ನಲ್ಲಿನಲ್ಲೇ ಆದರೆ ಹೊರೆ ಸುತ್ತಿ ಬಂದು ಅಲ್ಲೇ ಬೀಳುತ್ತದೆ.

ಬಹುತೇಕ ನಕ್ಷೆಗಳಲ್ಲಿ ಕೈತಪ್ಪುವುದು ಬೂಮ್ ಬ್ಯಾರಿಯರ್, ಅಂದರೆ ಗೇಟಿನಲ್ಲಿ ಏಳುವ ಇಳಿಯುವ ಅಡ್ಡಕಂಬ. ಸೆಕ್ಯೂರಿಟಿಯವರು ಪುಸ್ತಕದಲ್ಲಿ ಬರೆದುಕೊಂಡು ಒಳಬಿಡಲು ಒಂದು ಕಾರಿಗೆ 30 ಸೆಕೆಂಡ್ ಹಿಡಿದರೆ ಗಂಟೆಗೆ 120 ಕಾರು ಮಾತ್ರ ಒಳಹೋಗುತ್ತವೆ. ಸಂಜೆ 150 ಬಂದರೆ 30 ಕಾರು ಹೊರಗೆ ಉಳಿದವು; ಒಂದಕ್ಕೆ 6 ಮೀಟರ್ ಎಂದರೆ 180 ಮೀಟರ್ ರಸ್ತೆ ಹೋಯಿತು. ನಿವಾಸಿಗಳಿಗೆ ಟ್ಯಾಗ್ ಓದುವ ಪ್ರತ್ಯೇಕ ದಾರಿ, ಅತಿಥಿಗಳಿಗೂ ಡೆಲಿವರಿಯವರಿಗೂ ಇನ್ನೊಂದು ಕೊಡಿಸಿ. ಒಂದೇ ದಾರಿಯಿದ್ದರೆ ಪಾರ್ಸೆಲ್ ತಂದ ಒಬ್ಬರ ಹಿಂದೆ ಟ್ಯಾಗ್ ಇದ್ದವರೂ ನಿಲ್ಲಬೇಕು. ಬ್ಯಾರಿಯರ್ ರಸ್ತೆಯಂಚಿನಿಂದ ಕನಿಷ್ಠ 24 ಮೀಟರ್ ಒಳಗಿರಲಿ, ನಾಲ್ಕು ಕಾರಾದರೂ ನಿವೇಶನದೊಳಗೇ ನಿಲ್ಲಲಿ. ಲಾರಿ, ಟೆಂಪೊ, ಕ್ಯಾಬ್ ನಿಲ್ಲುವ ಜಾಗವೂ ಕಾಂಪೌಂಡಿನೊಳಗೇ ಆಗಬೇಕು.

ಫುಟ್‌ಪಾತ್ ವಿಷಯದಲ್ಲಿ ರಾಜಿ ಬೇಡ. ಗೇಟಿಗೆಂದು ಫುಟ್‌ಪಾತ್ ಕತ್ತರಿಸಿ ಇಳಿಜಾರು ಮಾಡುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ. ನಡೆಯುವವರ ಮಟ್ಟ ಹಾಗೇ ಮುಂದುವರಿಯಬೇಕು, ಕಾರೇ ಹತ್ತಿ ಇಳಿಯಬೇಕು. ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ಎತ್ತರ 150 ಮಿ.ಮೀ. ಒಳಗೆ. ಹತ್ತಿರದ ಬಸ್ ನಿಲ್ದಾಣ ಸಿಗ್ನಲ್‌ಗಿಂತ ಮೊದಲೇ ಇದ್ದರೆ, ಹಸಿರು ಬಂದಾಗಲೂ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತ ದಾರಿ ತಡೆಯುತ್ತದೆ. ಸಿಗ್ನಲ್ ದಾಟಿದ ಮೇಲೆ, ಎರಡು ಬಸ್ಸು ಹಿಂದೆ ಮುಂದೆ ನಿಲ್ಲುವಷ್ಟು ಜಾಗ ಬಿಟ್ಟು ಸ್ಥಳಾಂತರಿಸಲು ಕೇಳಿ.

ಕಟ್ಟಡದಲ್ಲಿ ಕಚೇರಿಗಳೂ ಬರುವುದಾದರೆ ಸಿಬ್ಬಂದಿ ಬಸ್ಸಿನ ಷರತ್ತು ಹಾಕಿಸಿ. 40 ಜನರ ಒಂದು ಬಸ್ಸು ರಸ್ತೆಯಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಕಾರಿನ ಜಾಗ ಹಿಡಿಯುತ್ತದೆ. ಅವರೆಲ್ಲ ಒಬ್ಬೊಬ್ಬರೇ ಕಾರು ತಂದರೆ 40.

ಪ್ರಶ್ನೆ: ಒಪ್ಪಿಕೊಂಡು ಆಮೇಲೆ ಮಾಡದಿದ್ದರೆ?
– ಬೆಳ್ಳಂದೂರು, ಬೆಂಗಳೂರು

ಉತ್ತರ: ಕೆಲಸ ಮುಗಿಯಬೇಕಾದ ಗಡುವು ಒ.ಸಿ., ಅಂದರೆ ಸ್ವಾಧೀನಾನುಭವ ಪತ್ರ. ಜನ ಬಂದು ವಾಸಕ್ಕೆ ಇಳಿದ ಮೇಲೆ ಗೇಟು ಸರಿಸುವವರು ಯಾರೂ ಇಲ್ಲ. "ಸಂಚಾರಕ್ಕೆ ಅಡ್ಡಿಯಾಗದಂತೆ ಕ್ರಮ ಕೈಗೊಳ್ಳಲಾಗುವುದು" ಎಂಬ ಸಾಲಿಗೆ ಸಹಿ ಹಾಕಬೇಡಿ, "ಬ್ಯಾರಿಯರ್ 24 ಮೀಟರ್ ಒಳಗೆ, ಒ.ಸಿ.ಗೆ ಮೊದಲು" ಎಂದು ಅಳತೆಯೊಂದಿಗೆ ಬರೆಸಿ.

ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಹೆಚ್ಚಿದ್ದರೆ ಪರಿಸರ ಪರಿಣಾಮ ಅಂದಾಜಿನ 2006ರ ಕೇಂದ್ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಅದರ ಅರ್ಜಿ, ಷರತ್ತುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಹುಡುಕಿ. ಷರತ್ತು ಪಾಲಿಸಿದ ವರದಿಯನ್ನು ಬಿಲ್ಡರ್ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಮಂಜೂರಾದ ನಕ್ಷೆಯ ಪ್ರತಿಯನ್ನೂ, ಸಂಚಾರ ಪೊಲೀಸರು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟಿದ್ದರೆ ಅದರ ಪ್ರತಿಯನ್ನೂ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಕಾಂಪೌಂಡ್ ಗೋಡೆ ಏಳುವ ಮೊದಲೇ ಅರ್ಜಿ ಹಾಕಿ, ನಕ್ಷೆಯಲ್ಲಿನ ಗೇಟಿನ ಜಾಗವನ್ನು ಟೇಪ್ ಹಿಡಿದು ತಾಳೆ ನೋಡಿ.