ಊರು ಬದಲಿಸುವ ಮೊದಲು ಸಿರಿಂಜಿನ ಮೇಲಿನ ಅಂಕಿ ಓದಿ

ಆರು ವರ್ಷದ ಮಗಳಿಗೆ ದಿನವೂ ಇನ್ಸುಲಿನ್ ಚುಚ್ಚಲೇಬೇಕಾದ ಟೈಪ್ 1 ಮಧುಮೇಹವೆಂದು ತಿಳಿದ ಮೇಲೆ ಬಾಗಲಕೋಟೆ ಬಿಟ್ಟು ಬೆಂಗಳೂರಿನಲ್ಲಿ ನೆಲೆಸಬೇಕೇ ಎಂದು ಕೇಳಿದ್ದೀರಿ. ಜಮಖಂಡಿಯ ನಮ್ಮ ಮನೆಯಲ್ಲಿ 2015ರಲ್ಲಿ ಇದೇ ಮಾತು ತಿಂಗಳುಗಟ್ಟಲೆ ನಡೆಯಿತು. ಆಗ ನನ್ನ ಮಗನಿಗೂ ಆರು ವರ್ಷ. ನಾವು ಊರು ಬಿಡಲಿಲ್ಲ. ಮರುವರ್ಷ ಅವನನ್ನು ಕಳೆದುಕೊಳ್ಳುವ ಹಂತಕ್ಕೆ ಹೋದೆವು, ಆದರೆ ಅದಕ್ಕೆ ಊರು ಕಾರಣವಲ್ಲ, ನಾನು ಕಾರಣ.

ಅವನಿಗೆ ಬೆಳಿಗ್ಗೆ 10, ಸಂಜೆ 6 ಯೂನಿಟ್ ಇನ್ಸುಲಿನ್ ಬರೆದುಕೊಟ್ಟಿದ್ದರು. 2016ರ ಯುಗಾದಿಯ ಹೊತ್ತಿಗೆ ಮನೆಯಲ್ಲಿದ್ದ ಸಿರಿಂಜುಗಳು ಮುಗಿದವು. ಕೆಂಪು ಮುಚ್ಚಳದವು ಬಂದಿಲ್ಲ, ಕಿತ್ತಳೆ ಬಣ್ಣದ ಮುಚ್ಚಳದವು ಇವೆ, ಇವುಗಳ ಸೂಜಿ ಇನ್ನೂ ಸಣ್ಣದು, ಮಗುವಿಗೆ ನೋವಾಗುವುದಿಲ್ಲ ಎಂದರು ಔಷಧ ಅಂಗಡಿಯವರು. ನೋವಾಗುವುದಿಲ್ಲ ಎಂಬ ಆ ಒಂದು ಮಾತಿಗೆ ನಾನು ಹತ್ತು ಸಿರಿಂಜು ತಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಬಹುಮಟ್ಟಿಗೆ 40ರ ಪ್ರಮಾಣದ್ದು, ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್. ಇನ್ಸುಲಿನ್ ಚುಚ್ಚುವ ಪೆನ್ನಿನೊಳಗೆ ಹಾಕುವ ಕಾರ್ಟ್ರಿಜ್ 100ರದ್ದು. ಕೆಂಪು ಮುಚ್ಚಳದ ಸಿರಿಂಜಿನ ಗೆರೆಗಳು 40ರ ಇನ್ಸುಲಿನ್‌ಗೆ ಹೊಂದುತ್ತವೆ, ಕಿತ್ತಳೆ ಮುಚ್ಚಳದವು 100ಕ್ಕೆ. ಎರಡರ ಮೇಲೂ 10 ಎಂಬ ಅಂಕಿ ಇರುತ್ತದೆ, ಆದರೆ ಆ ಎರಡು ಹತ್ತುಗಳು ಒಂದಲ್ಲ. ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.1 ಮಿಲಿಲೀಟರ್ ಮಾತ್ರ, 40ರ ಬಾಟಲಿಯಿಂದ ಎಳೆದಿದ್ದರೆ ಅದರಲ್ಲಿರುವುದು ಕೇವಲ 4 ಯೂನಿಟ್. ಹತ್ತು ಕೊಟ್ಟೆನೆಂದು ತಿಳಿದು ನಾಲ್ಕು ಕೊಟ್ಟೆ. ಸಂಜೆಯ ಆರು ಎರಡೂವರೆಯೂ ಆಗಿರಲಿಲ್ಲ. ಹೀಗೆ ಐದು ದಿನ ನಡೆಯಿತು.

ಮೂರನೆಯ ದಿನದಿಂದ ಅವನು ತಂಬಿಗೆಗಟ್ಟಲೆ ನೀರು ಕುಡಿಯತೊಡಗಿದ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎದ್ದ. ಗ್ಲುಕೋಮೀಟರ್ 380 ತೋರಿಸಿತು. ಯುಗಾದಿಗೆ ತಂದ ಬೆಲ್ಲದ ಡಬ್ಬಿ ಅಡುಗೆಮನೆಯಲ್ಲಿತ್ತು. ಕದ್ದು ತಿಂದೆಯೇನು ಎಂದು ಗದರಿದೆ. "ಇಲ್ಲವ್ವ, ಬೇಕಾದರೆ ನೋಡು" ಎಂದು ಅವನು ನಾಲಿಗೆ ಹೊರಚಾಚಿ, ಬಾಯಿ ಅಗಲಿಸಿ ತೋರಿಸಿದ. ನಾನು ನಂಬಲಿಲ್ಲ, ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಐದನೆಯ ದಿನ ವಾಂತಿ, ಹೊಟ್ಟೆನೋವು ಶುರುವಾದವು. ರಾತ್ರಿ ಉಸಿರು ಆಳವಾಗಿ, ಜೋರಾಗಿ ಬರತೊಡಗಿತು, ಬಾಯಿಯಿಂದ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ಕಾರು ಮಾಡಿಕೊಂಡು ವಿಜಯಪುರಕ್ಕೆ ಹೊರಟೆವು. ಕೃಷ್ಣೆಯ ಸೇತುವೆ ದಾಟುವಾಗ ಕರೆದರೂ ಅವನು ಕಣ್ಣು ತೆರೆಯಲಿಲ್ಲ.

ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸಿಕೊಂಡು, ಅದರಿಂದ ಹುಟ್ಟಿದ ಕೀಟೋನ್ ರಕ್ತವನ್ನು ಆಮ್ಲವಾಗಿಸಿತ್ತು. ಮೂರು ದಿನ ಐಸಿಯುನಲ್ಲಿದ್ದ. ನನ್ನ ಚೀಲದಲ್ಲಿದ್ದ ಬಾಟಲಿಯನ್ನೂ ಸಿರಿಂಜನ್ನೂ ನರ್ಸ್ ಒಬ್ಬರು ಜೋಡಿಸಿ ಹಿಡಿದು, "ಅಕ್ಕಾರ, ಇದರಾಗ ಎಳೀತಿದ್ರೇನು?" ಎಂದು ಕೇಳಿದರು. ಆಗ ನನಗೆ ನೆನಪಾದದ್ದು ಬೆಲ್ಲದ ಡಬ್ಬಿ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಜ್ಞ ವೈದ್ಯರು ಬೇಕೇ ಬೇಕು, ಆದರೆ ಮಗು ಸ್ಥಿಮಿತದಲ್ಲಿರುವಾಗ ಅವರ ಬಳಿ ಹೋಗುವುದು, ಹಿಂದಿನ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸುವುದು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಅದಕ್ಕೆ ಬೆಳಗಾವಿಗೆ ಹೋಗಿಬಂದರೆ ಸಾಕು. ಉಳಿದ ದಿನಗಳ ವೈದ್ಯರು ನೀವೇ, ಬೆಂಗಳೂರಿನಲ್ಲಿದ್ದರೂ ನೀವೇ. ಅಲ್ಲಿಯ ಬಾಡಿಗೆಗೆ ಹೋಗುವ ಹಣವನ್ನು ರಕ್ತದ ಸಕ್ಕರೆ ಪರೀಕ್ಷೆಯ ಸ್ಟ್ರಿಪ್‌ಗಳಿಗೆ ಹಾಕಿ, ದಿನಕ್ಕೆ ನಾಲ್ಕು ಸಲವಾದರೂ ನೋಡಿ. ಆ ಐದು ದಿನಗಳಲ್ಲಿ ಸ್ಟ್ರಿಪ್ ದುಬಾರಿಯೆಂದು ನಾನು ನೋಡಿದ್ದು ಎರಡೇ ಸಲ. ಅಜ್ಜಿಗೂ ಶಾಲೆಯ ಶಿಕ್ಷಕಿಗೂ ಎಲ್ಲವನ್ನೂ ಹೇಳಿ, ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಲು, ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಲು ಕಲಿಸಿ. ನಮ್ಮ ಬೇಸಿಗೆಯಲ್ಲಿ ಕರೆಂಟು ಹೋದರೆ ಬಾಟಲಿಯನ್ನು ಒದ್ದೆ ಮಣ್ಣಿನ ಮಡಕೆಯಲ್ಲಿಡಿ, ಫ್ರೀಜರಿನಲ್ಲಿ ಮಾತ್ರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಇಂದು ಸಂಜೆಯೇ ನಿಮ್ಮ ಬಾಟಲಿಯನ್ನೂ ಸಿರಿಂಜನ್ನೂ ಬೆಳಕಿಗೆ ಹಿಡಿದು ಎರಡರ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿ. 100ರ ಬಾಟಲಿಗಳೂ ಇರುವುದರಿಂದ ಮುಚ್ಚಳದ ಬಣ್ಣವೊಂದನ್ನೇ ನಂಬಬೇಡಿ. ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಂದೂ ಎಳೆಯಬೇಡಿ. ಅಲ್ಲಿ ತಪ್ಪು ತಿರುಗಿ, ಹತ್ತು ಎಂದದ್ದು ಇಪ್ಪತ್ತೈದು ಆಗುತ್ತದೆ. ನನ್ನ ಮಗ ಈಗ ತಾನೇ ಚುಚ್ಚಿಕೊಳ್ಳುತ್ತಾನೆ. ಆದರೂ ಪ್ರತಿ ಸಲ ಬಾಟಲಿಯ ಅಂಕಿ, ಸಿರಿಂಜಿನ ಅಂಕಿ, ಯೂನಿಟ್ ಮೂರನ್ನೂ ಕೂಗಿ ಹೇಳುತ್ತಾನೆ. ಅಡುಗೆಮನೆಯಿಂದ ನಾನು ಮೂರನ್ನೂ ತಿರುಗಿ ಹೇಳಿದ ಮೇಲೆಯೇ ಸೂಜಿ ಚುಚ್ಚುತ್ತಾನೆ.