ಮೆಟ್ರೋ ಬರಲಿ ಮೇಷ್ಟ್ರೇ, ದುಡ್ಡು ಯಾರ ಜೇಬಿನಿಂದ?

ಮೇಷ್ಟ್ರೇ, ನಮಸ್ಕಾರ.

ಹರಿಹರದ ಹತ್ತಿರದ ಹಳ್ಳಿಯಿಂದ ನೀವು ಬರೆದ ನಾಲ್ಕು ಪುಟದ ಕಾಗದ ಕೈಸೇರಿತು. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ. ಬೇರೆ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಸರ್ಜಾಪುರದಿಂದ ಹೆಬ್ಬಾಳಕ್ಕೆ ಹೊಸ ಮೆಟ್ರೋ, ಖರ್ಚು 28 ಸಾವಿರ ಕೋಟಿ ಅಂತ ಓದಿ ನಿಮಗೆ ಸಿಟ್ಟು ಬಂದಿದೆ. ನಿಮ್ಮೂರಿಗೆ ದಿನಕ್ಕೆ ಎರಡೇ ಬಸ್ಸು. ಸಂಜೆಯದು ತಪ್ಪಿದರೆ ಮೂರು ಮೈಲಿ ನಡಿಗೆ. "ಒಂದು ಊರಿನ ಒಂದು ರೈಲಿಗೆ ಇಡೀ ರಾಜ್ಯದ ದುಡ್ಡು ಯಾಕೆ? ಸಬ್‌ಅರ್ಬನ್ ರೈಲು (ಊರ ಸುತ್ತಿನ ಲೋಕಲ್ ರೈಲು) ಇದಕ್ಕಿಂತ ಅಗ್ಗ ಅಲ್ವಾ?" ಅಂತ ಕೇಳಿದ್ದೀರಿ. ಸರ್ಜಾಪುರ ರಸ್ತೆಯ ದೊಮ್ಮಸಂದ್ರದ ಪಿಜಿಯಲ್ಲಿರುವ ನಿಮ್ಮ ಮಗ, ಮೆಟ್ರೋ ಬರುತ್ತದೆ ಅಂತ ಅಲ್ಲೇ ಸೈಟು ತಗೊಳ್ಳಲು ಹೊರಟಿದ್ದಾನಂತೆ. ತಗೊಳ್ಳಬೇಕಾ ಬೇಡವಾ ಅನ್ನೋದು ನಿಮ್ಮ ಕೊನೆಯ ಪ್ರಶ್ನೆ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಬೆಂಗಳೂರು ದುಡಿಯುತ್ತದೆ, ಬೆಂಗಳೂರೇ ಖರ್ಚು ಮಾಡಲಿ ಅನ್ನುವ ವಾದ ನಾನು ಒಪ್ಪುವುದಿಲ್ಲ. ಅಲ್ಲಿ ದುಡಿಯುತ್ತಿರುವವರು ನಿಮ್ಮ ಮಗನಂಥವರೇ. ಆದರೆ ಮೆಟ್ರೋ ಬೇಡ ಅನ್ನುವುದನ್ನೂ ಒಪ್ಪಲಾರೆ. ಸರ್ಜಾಪುರ ರಸ್ತೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಬಸ್ಸಿನಲ್ಲಿ ನಿಂತು ಬಂದವರು ಯಾರೂ ಬೇಡ ಅನ್ನಲಾರರು.

ಮೊದಲು ಲೆಕ್ಕ ನೋಡೋಣ. ರಾಜ್ಯ ಸಂಪುಟ 2024ರ ಡಿಸೆಂಬರ್‌ನಲ್ಲಿ ಒಪ್ಪಿದ ಯೋಜನೆ ಇದು. ಉದ್ದ 36.59 ಕಿಲೋಮೀಟರ್, 28 ಸ್ಟೇಷನ್, ಖರ್ಚು 28,405 ಕೋಟಿ. ಅಂದರೆ ಕಿಲೋಮೀಟರಿಗೆ ಸುಮಾರು 776 ಕೋಟಿ. ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬೆಂಗಳೂರು ಮೆಟ್ರೋದ ಮೂರನೇ ಹಂತ 44.65 ಕಿಲೋಮೀಟರ್, 15,611 ಕೋಟಿ. ಅಲ್ಲಿ ಕಿಲೋಮೀಟರಿಗೆ 350 ಕೋಟಿ ಬೀಳುತ್ತದೆ. ದುಪ್ಪಟ್ಟಿಗಿಂತ ಜಾಸ್ತಿ ಯಾಕೆ? ಮೂರನೇ ಹಂತ ಪೂರ್ತಿ ಕಂಬದ ಮೇಲೆ ಹೋಗುತ್ತದೆ. ಸರ್ಜಾಪುರದ ಮಾರ್ಗದಲ್ಲಿ 14.45 ಕಿಲೋಮೀಟರ್ ಮತ್ತು 11 ಸ್ಟೇಷನ್ ನೆಲದಡಿ. ನೆಲದಡಿಯ ಸ್ಟೇಷನ್ ಅಂದರೆ ಊರಿನ ನಡುವೆ ಇನ್ನೂರು ಮೀಟರ್ ಉದ್ದದ ಬಾವಿ ತೋಡಿದ ಹಾಗೆ. ಚರಂಡಿ, ನೀರಿನ ಪೈಪು, ಕರೆಂಟಿನ ಕೇಬಲ್ಲು ಎಲ್ಲಾ ಎತ್ತಿ ಬೇರೆ ಕಡೆ ಹಾಕಬೇಕು, ಪಕ್ಕದ ಹಳೇ ಮನೆಗಳು ಬಿರುಕು ಬಿಡದ ಹಾಗೆ ದಿನಾ ಅಳತೆ ನೋಡುತ್ತಿರಬೇಕು, ಜೊತೆಗೆ ಬೆಂಗಳೂರಿನ ನೆಲವೂ ಒಂದೇ ಸಮ ಇಲ್ಲ, ಒಂದು ಕಡೆ ಗಟ್ಟಿ ಬಂಡೆ, ಹತ್ತು ಮಾರು ಆಚೆ ಮೆತ್ತನೆ ಮಣ್ಣು. ಇಷ್ಟಾದರೂ ಖರ್ಚು ಜಾಸ್ತಿಯಾಯಿತು, ಇನ್ನೊಮ್ಮೆ ಲೆಕ್ಕ ನೋಡಿ ಅಂತ ಕೇಂದ್ರ ಕೇಳಿದ್ದು ಸರಿಯೇ ಅನ್ನಿಸುತ್ತದೆ ನನಗೆ.

ಈಗ ದುಡ್ಡು ಎಲ್ಲಿಂದ ಬರುತ್ತದೆ? ಬೆಂಗಳೂರು ಮೆಟ್ರೋ ನಿಗಮದಲ್ಲಿ ಕೇಂದ್ರ, ರಾಜ್ಯ ಇಬ್ಬರದೂ ಅರ್ಧರ್ಧ ಪಾಲು. ಯೋಜನೆಯ ಖರ್ಚಿನಲ್ಲಿ ಇಬ್ಬರೂ ತಲಾ ಹೆಚ್ಚುಕಡಿಮೆ ಐದರಲ್ಲಿ ಒಂದು ಭಾಗ ಹಾಕುತ್ತಾರೆ. ಮಿಕ್ಕಿದ್ದರಲ್ಲಿ ಬಹುಪಾಲು ಸಾಲ. ಹಿಂದಿನ ಹಂತಗಳಿಗೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ, ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್, ಯುರೋಪಿನ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸಾಲ ಕೊಟ್ಟಿವೆ. ಸಾಲ ಅಂದಮೇಲೆ ತೀರಿಸಬೇಕಲ್ಲ. ಟಿಕೆಟ್ಟಿನ ದುಡ್ಡು ಸಾಲದಿದ್ದರೆ ರಾಜ್ಯದ ಬೊಕ್ಕಸಕ್ಕೆ ಕೈ ಹಾಕುತ್ತಾರೆ. ನಿಮ್ಮೂರಿನ ಬಸ್ಸಿನ ದುಡ್ಡು ಇದಕ್ಕೆ ತಗಲುವುದು ಇಲ್ಲೇ.

ಟಿಕೆಟ್ ಜಾಸ್ತಿ ಮಾಡಿದರೆ ಏನಾಗುತ್ತದೆ ಅಂತ 2025ರ ಫೆಬ್ರುವರಿಯಲ್ಲಿ ಕಣ್ಣಾರೆ ನೋಡಿದೆವು. ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಕೆಲವು ಕಡೆ ದರ ದುಪ್ಪಟ್ಟಾಗಿ ಜನ ಗಲಾಟೆ ಮಾಡಿದ ಮೇಲೆ, ಏರಿಕೆ 71 ಪರ್ಸೆಂಟ್ ದಾಟದ ಹಾಗೆ ಇಳಿಸಿದರು. ಆ ವಾರ ಒಂದು ಸಂಜೆ ಕೌಂಟರಿನಲ್ಲಿ ನನ್ನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಗಾರ್ಮೆಂಟ್ಸಿನಿಂದ ಬಂದವರು, ಸೆರಗಿನ ಮೇಲೆ ಇನ್ನೂ ದಾರದ ಎಳೆಗಳಿದ್ದವು. ದರ ಕೇಳಿದರು. ತೆಗೆದಿದ್ದ ನೋಟನ್ನು ನಾಲ್ಕಾಗಿ ಮಡಚಿ ಪರ್ಸಿಗೆ ವಾಪಸ್ ಇಟ್ಟುಕೊಂಡು, ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಹೋದರು. ಬಸ್ಸು ಅವರಿಗೆ ಶಕ್ತಿ ಯೋಜನೆಯಲ್ಲಿ ಫ್ರೀ, ಆದರೆ ಮನೆ ಸೇರುವುದು ಒಂದು ಗಂಟೆ ತಡ. ಸಾವಿರಾರು ಕೋಟಿ ಹಾಕಿ ಕಟ್ಟಿದ ರೈಲು ಅವರ ತಲೆ ಮೇಲೇ ಹೋಗುತ್ತಿತ್ತು. ನನಗೆ ಅದನ್ನು ಮರೆಯಲು ಆಗಿಲ್ಲ.

ಹಾಗಾದರೆ ಯಾರು ಕೊಡಬೇಕು? ಹೋದ ತಿಂಗಳು ಸರ್ಜಾಪುರ ರಸ್ತೆಗೆ ಹೋಗಿದ್ದೆ. ಒಂದು ಖಾಲಿ ಜಾಗದ ಕಾಂಪೌಂಡಿಗೆ ಬೋರ್ಡು ಕಟ್ಟಿದ್ದರು: "ಮೆಟ್ರೋ ಸ್ಟೇಷನ್‌ಗೆ 5 ನಿಮಿಷ". ಸುತ್ತ ಒಂದು ಕಂಬವೂ ಎದ್ದಿಲ್ಲ, ರೇಟು ಮಾತ್ರ ಆಗಲೇ ಎದ್ದಿದೆ. ಆ ಜಾಗದವರು ಏನೂ ಮಾಡದೆ ಕೂತಲ್ಲೇ ಗಳಿಸಿದ್ದು ನಿಮ್ಮ ತೆರಿಗೆಯಿಂದ, ಆ ಹೆಂಗಸಿನಂಥವರ ಟಿಕೆಟ್ಟಿನಿಂದ. ಅದರಲ್ಲೊಂದು ಪಾಲು ರೈಲಿಗೆ ವಾಪಸ್ ಬರಬೇಕು ಅನ್ನೋದೇ ನನ್ನ ವಾದ. ಇದೇನು ಹೊಸದಲ್ಲ. ಲಂಡನ್ನಿನವರು 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗಕ್ಕೆ 2010ರಿಂದಲೇ ಅಲ್ಲಿನ ದೊಡ್ಡ ಅಂಗಡಿ, ಆಫೀಸುಗಳ ಮೇಲೆ ಬಾಡಿಗೆ ಮೌಲ್ಯದ ಪ್ರತಿ ಪೌಂಡಿಗೆ 2 ಪೆನ್ಸಿನಂತೆ ಹೆಚ್ಚುವರಿ ತೆರಿಗೆ ಹಾಕಿದರು. ಚಿಕ್ಕ ಅಂಗಡಿಗಳನ್ನು ಬಿಟ್ಟರು. ಹಾಂಗ್‌ಕಾಂಗ್‌ನಲ್ಲಿ ರೈಲು ಕಂಪನಿಗೇ ಸ್ಟೇಷನ್ ಮೇಲಿನ, ಪಕ್ಕದ ಜಾಗದಲ್ಲಿ ಕಟ್ಟಡ ಕಟ್ಟುವ ಹಕ್ಕು ಸಿಗುತ್ತದೆ. ಅದೂ ರೈಲು ಬರುವ ಮುಂಚಿನ ರೇಟಿಗೆ.

ನಮ್ಮಲ್ಲೂ ಕಾಗದದ ಮೇಲೆ ಇದೆ. ಭೂಮಿಯ ಬೆಲೆ ಏರಿದ್ದರಲ್ಲಿ ಪಾಲು ತಗೊಳ್ಳಿ ಅಂತ ಕೇಂದ್ರದ 2017ರ ಮೆಟ್ರೋ ನೀತಿಯೇ ಹೇಳುತ್ತದೆ. ಹೊಸ ಕಟ್ಟಡಗಳ ಮೇಲೆ ಮೆಟ್ರೋ ಸೆಸ್ ಕೂಡ ಇದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮೆಟ್ರೋ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ ಸ್ಟೇಷನ್ನಿಗೆ ಇನ್ಫೋಸಿಸ್ ಫೌಂಡೇಶನ್, ಹೆಬ್ಬಗೋಡಿಗೆ ಬಯೋಕಾನ್ ಫೌಂಡೇಶನ್ ದುಡ್ಡು ಕೊಟ್ಟವು. ಒಳ್ಳೆಯದೇ. ಆದರೆ ಮನಸ್ಸಿದ್ದವರು ಕೊಡುವ ದುಡ್ಡನ್ನು ನಂಬಿಕೊಂಡು 28 ಸಾವಿರ ಕೋಟಿಯ ಕೆಲಸಕ್ಕೆ ಕೈ ಹಾಕಲು ಆಗುತ್ತದಾ? ಮಾರ್ಗದ ಗೆರೆ ಎಳೆದ ದಿನವೇ ಆ ಗೆರೆಯ ಅಕ್ಕಪಕ್ಕದ ದೊಡ್ಡ ಜಾಗಗಳು ಎಷ್ಟು ಕೊಡಬೇಕು ಅಂತ ನಿಗದಿ ಆಗಬೇಕು. ಸೈಟೆಲ್ಲಾ ಕೈ ಬದಲಾದ ಮೇಲೆ ಕೇಳಲು ಹೋದರೆ ಸಿಕ್ಕಿಬೀಳುವುದು ಸಾಲ ಮಾಡಿ ತಗೊಂಡ ನಿಮ್ಮ ಮಗನಂಥವರು.

ಸಬ್‌ಅರ್ಬನ್ ರೈಲಿನ ಬಗ್ಗೆ ನೀವು ಹೇಳಿದ್ದು ನಿಜ. 148 ಕಿಲೋಮೀಟರಿಗೆ 15,767 ಕೋಟಿ, ಕಿಲೋಮೀಟರಿಗೆ ಸುಮಾರು 107 ಕೋಟಿ. ಹಳೇ ರೈಲು ಹಳಿಯ ಪಕ್ಕದಲ್ಲೇ ಬಹುಪಾಲು ಹೋಗುವುದರಿಂದ ಅಗ್ಗ. ಅದರ ಕನಕ ಮಾರ್ಗ ಕಾರ್ಮೆಲರಾಂ ಮೇಲೇ ಹೋಗುತ್ತದೆ, ದೊಮ್ಮಸಂದ್ರಕ್ಕೆ ಅದೇನು ದೂರವಲ್ಲ. ಆದರೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆದಾಗ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದಿದ್ದರು, ಆ 40 ತಿಂಗಳು ಮುಗಿದರೂ ಒಂದು ರೈಲೂ ಓಡಲಿಲ್ಲ. ಅದನ್ನು ಮೊದಲು ಮುಗಿಸಿ ಅಂತ ನೀವು ಕೇಳಿದರೆ ನಾನೂ ನಿಮ್ಮ ಜೊತೆ ದನಿ ಸೇರಿಸುತ್ತೇನೆ.

ತಡವಾದರೆ ಖರ್ಚು ಹೇಗೆ ಬೆಳೆಯುತ್ತದೆ ಅಂತ ಮೆಟ್ರೋದ ಮೊದಲ ಹಂತದಲ್ಲೇ ಕಂಡಿದ್ದೇವೆ. 2006ರಲ್ಲಿ 6,395 ಕೋಟಿ ಅಂದಿದ್ದು, ಮಾರ್ಗವೂ ಸ್ವಲ್ಪ ಉದ್ದವಾಗಿ 2017ರಲ್ಲಿ ಮುಗಿಯುವ ಹೊತ್ತಿಗೆ 13 ಸಾವಿರ ಕೋಟಿ ದಾಟಿತ್ತು. ಹಳದಿ ಮಾರ್ಗದಲ್ಲಂತೂ ಹಳಿ, ಸ್ಟೇಷನ್ ಎಲ್ಲಾ ರೆಡಿ ಇದ್ದರೂ ಓಡಿಸಲು ಸಾಕಷ್ಟು ರೈಲೇ ಇರಲಿಲ್ಲ. 2025ರ ಆಗಸ್ಟ್‌ವರೆಗೆ ಜನ ಕೆಳಗೆ ಟ್ರಾಫಿಕ್ಕಿನಲ್ಲಿ ನಿಂತು ಖಾಲಿ ಹಳಿ ನೋಡಿದರು. ಸಾಲದ ಬಡ್ಡಿ ಅದಕ್ಕೆಲ್ಲಾ ಕಾಯುವುದಿಲ್ಲ.

ಚರ್ಚೆಯೇ ತಡಕ್ಕೆ ಕಾರಣ ಅನ್ನುವವರಿದ್ದಾರೆ. ಆದರೆ ಇಂದಿರಾನಗರದ ಸಿಎಂಎಚ್ ರಸ್ತೆಯ ಅಂಗಡಿಯವರು, ಜಯನಗರದ ನಂದಾ ರಸ್ತೆಯ ಮರಗಳಿಗಾಗಿ ನಿಂತವರು ಮೆಟ್ರೋ ಮಾರ್ಗದ ವಿರುದ್ಧ ಬೀದಿಗೆ ಇಳಿದದ್ದು ನಕ್ಷೆ ಆಗಲೇ ಗಟ್ಟಿಯಾದ ಮೇಲೆ. ಅಷ್ಟೊತ್ತಿಗೆ ಉಳಿದಿದ್ದು ಜಗಳ ಮಾತ್ರ. ವಿವರವಾದ ಯೋಜನಾ ವರದಿಯನ್ನು ಮೊದಲೇ ಕನ್ನಡದಲ್ಲಿ ಜನರ ಮುಂದಿಡಬೇಕು. ಯಾವ ಸ್ಟೇಷನ್ನಿಗೆ ಎಷ್ಟು ಖರ್ಚು, ಎಷ್ಟು ಜನ ಹತ್ತುತ್ತಾರೆ ಅಂತ ಲೆಕ್ಕ ಹಾಕಿದ್ದಾರೆ, ಸಾಲದ ಕಂತು ಯಾವಾಗಿನಿಂದ, ಎಲ್ಲಾ ನಿಮ್ಮೂರಿನಲ್ಲಿ ಕೂತು ನೀವು ಓದುವ ಹಾಗಿರಬೇಕು. ಸಾಲದ ಪತ್ರಕ್ಕೆ ಸಹಿ ಬಿದ್ದ ಮೇಲೆ ತೋರಿಸಿ ಪ್ರಯೋಜನ ಇಲ್ಲ.

ಮಗನ ಸೈಟಿನ ವಿಷಯ. ಬ್ರೋಕರ್ ಹೇಳಿದ ಐದು ನಿಮಿಷವನ್ನು ನಂಬಬೇಡಿ ಅನ್ನಿ. ಮೊದಲ ಹಂತ ಶಂಕುಸ್ಥಾಪನೆಯಿಂದ ಪೂರ್ತಿ ಓಡಾಟಕ್ಕೆ 11 ವರ್ಷ ತಗೊಂಡಿತು. ಇಷ್ಟು ವರ್ಷ ಕಂತು ಕಟ್ಟುತ್ತಾ ಬಸ್ಸಿನಲ್ಲೇ ಓಡಾಡಲು ಆಗುತ್ತದಾ ಅಂತ ಅವನನ್ನೇ ಕೇಳಿ. ಆಗುತ್ತದೆ ಅಂದರೆ, ಖಾತೆ ಮತ್ತು ಮೂಲ ಪತ್ರಗಳನ್ನು ಒಬ್ಬ ವಕೀಲರಿಗೆ ತೋರಿಸಿ ಆಮೇಲೆ ಮುಂದುವರಿಯಲಿ. ಮತ್ತೆ, ನಿಮ್ಮೂರಿನ ಆ ಎರಡು ಬಸ್ಸುಗಳ ಟೈಮನ್ನು, ಹೋದ ತಿಂಗಳು ಎಷ್ಟು ದಿನ ಬರಲಿಲ್ಲ ಅನ್ನುವುದರ ಜೊತೆ ಬರೆದು ಕಳಿಸಿ ಮೇಷ್ಟ್ರೇ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ನಿಮ್ಮ,
ಸಂಪಾದಕ