ನಿದ್ದೆ ಹತ್ತುವ ಹೊತ್ತಿಗೆ ಎದೆ ಪಟಪಟ ಅನ್ನುತ್ತೆ, ಇಸಿಜಿ ನಾರ್ಮಲ್. ಇದು ಭ್ರಮೆಯಾ?

ನಿಮಗೆ 34 ವರ್ಷ, ತೋರಣಗಲ್ಲಿನ ಕಡೆ ಶಿಫ್ಟ್ ಕೆಲಸ. ಮಲಗಿ ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಾಗ ಎದೆಯಲ್ಲಿ ಪಟಪಟ ಅನ್ನುತ್ತೆ, ಒಂದು ಬಡಿತ ತಪ್ಪಿ ಆಮೇಲೆ ಧಡ್ ಅಂತ ಹೊಡೆಯುತ್ತೆ, ಎದ್ದು ಕೂತರೆ ಹೋಗುತ್ತೆ, ಹಗಲು ಏನೂ ಇಲ್ಲ ಅಂತ ಬರೆದಿದ್ದೀರಿ. ಇಸಿಜಿ ನಾರ್ಮಲ್ ಬಂದಿದೆ. "ಹಾಗಾದರೆ ಇದು ಭ್ರಮೆಯಾ, ಇಲ್ಲ ನಿದ್ದೆಯಲ್ಲೇ ಹೋಗಿಬಿಡ್ತೀನಾ?" ಅಂತ ಕೇಳಿದ್ದೀರಿ.

ಭ್ರಮೆ ಅಲ್ಲ. ನೀವು ಹೇಳಿದ ರೀತಿ ನೋಡಿದರೆ ಅಪಾಯ ಇಲ್ಲದ್ದೇ ಆಗಿರುವ ಸಾಧ್ಯತೆ ಜಾಸ್ತಿ. ಆದರೆ ಎದೆಯಲ್ಲಿ ಏನು ಅನಿಸಿತು ಅನ್ನೋದರ ಮೇಲೆ ನೀವಾಗಲಿ ನಾನಾಗಲಿ ತೀರ್ಮಾನ ಮಾಡೋಕೆ ಆಗಲ್ಲ. ಅನಿಸಿದ ಆ ಗಳಿಗೆಯಲ್ಲಿ ಬಡಿತ ಹೇಗಿತ್ತು ಅಂತ ದಾಖಲೆ ಸಿಗಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಬಳ್ಳಾರಿಯಲ್ಲಿ ಇಸಿಜಿ, ಹೋಲ್ಟರ್ (ದಿನವಿಡೀ ಮೈಮೇಲಿದ್ದು ಬಡಿತ ದಾಖಲಿಸುವ ಪುಟ್ಟ ಯಂತ್ರ) ಮಾಡುವ ಟೆಕ್ನಿಷಿಯನ್. ನಿಮ್ಮ ಹಾಗೇ ಹೇಳಿಕೊಂಡು ಬರುವವರು ತುಂಬಾ ಜನ. ಸಿರುಗುಪ್ಪ ಕಡೆಯ ಒಬ್ಬ ಅಜ್ಜಿ "ಎದಿಯಾಗ ಮೀನು ಮಿಡುಕಿದಂಗ ಆಗ್ತದವ್ವಾ" ಅಂದಿದ್ದರು. ಅದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಮೊದಲು ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ಹೃದಯದ ಮೇಲ್ಭಾಗದಲ್ಲಿ ಬಲಕ್ಕೆ ಒಂದು ಪುಟ್ಟ ಜಾಗ ಇದೆ. ಪ್ರತಿ ಬಡಿತಕ್ಕೂ ಕರೆಂಟ್ ಹೊರಡೋದು ಅಲ್ಲಿಂದ. ಕೆಲವೊಮ್ಮೆ ಹೃದಯದ ಇನ್ಯಾವುದೋ ಜಾಗದಿಂದ ಸರದಿಗೆ ಮೊದಲೇ ಒಂದು ಬಡಿತ ಹೊರಟುಬಿಡುತ್ತೆ. ಇದಕ್ಕೆ ಎಕ್ಟೋಪಿಕ್ ಅಂತಾರೆ. ಅವಸರದಲ್ಲಿ ಬಂದಿದ್ದರಿಂದ ಆಗ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರಲ್ಲ. ಆ ಬಡಿತ ಸಪ್ಪಗಿರುತ್ತೆ, ಎಷ್ಟೋ ಸಲ ಕೈಯ ನಾಡಿಗೆ ಸಿಗೋದೇ ಇಲ್ಲ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ರಕ್ತ ಜಾಸ್ತಿ ತುಂಬಿಕೊಳ್ಳುತ್ತೆ, ಮುಂದಿನ ಬಡಿತ ಜೋರಾಗಿ ಬೀಳುತ್ತೆ. ನೀವು ಹೇಳಿದ "ತಪ್ಪಿತು, ಆಮೇಲೆ ಧಡ್" ಇದೇ. ನಿಜಕ್ಕೂ ಬಡಿತ ತಪ್ಪಿರಲ್ಲ, ಮೊದಲೇ ಬಂದು ಹೋಗಿರುತ್ತೆ.

ಹೋಲ್ಟರ್ ದಾಖಲೆಯಲ್ಲಿ ಇದನ್ನು ನೋಡಬೇಕು. ಒಂದೇ ಅಂತರದಲ್ಲಿ ತೆಳ್ಳಗೆ, ಚೂಪಾಗಿ ಗೆರೆಗಳು ಹೋಗುತ್ತಿರುತ್ತವೆ. ನಡುವೆ ಒಂದು ಗೆರೆ ಹಿಂದಿನದಕ್ಕೆ ತೀರಾ ಹತ್ತಿರ ಬಂದು ಕೂತಿರುತ್ತೆ. ಹೃದಯದ ಕೆಳಗಿನ ಕೋಣೆಯಿಂದ ಹೊರಟಿದ್ದಾದರೆ ಅದು ಅಗಲವಾಗಿ, ಬೇರೆ ಆಕಾರದಲ್ಲೇ ಇರುತ್ತೆ. ಅದಾದ ಮೇಲೆ ಸ್ವಲ್ಪ ಖಾಲಿ ಜಾಗ. ಆಮೇಲೆ ಏನೂ ಆಗೇ ಇಲ್ಲ ಅನ್ನುವಂತೆ ಮತ್ತೆ ತೆಳ್ಳನೆ ಗೆರೆಗಳು. ಪೇಷಂಟ್‌ಗೆ ಅದನ್ನು ತೋರಿಸಿ "ನಿಮಗೆ ರಾತ್ರಿ ಅನಿಸಿದ್ದು ಇದು" ಅಂದಾಗ ಅವರ ಮುಖದಲ್ಲಿ ಬರುವ ನೆಮ್ಮದಿ ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದದ್ದು.

ಹಾಗಾದರೆ ಮಲಗಿದಾಗಲೇ ಯಾಕೆ? ಬಹಳ ಜನರ ದಾಖಲೆಯಲ್ಲಿ ಇಂಥ ಬಡಿತ ಹಗಲೂ ಇರುತ್ತೆ. ಸಂತೆಗೆ ಹೋದಾಗ, ಬಸ್ಸಿನಲ್ಲಿ ಕೂತಾಗ, ಮಾತಾಡುವಾಗ ಬಂದು ಹೋಗಿರುತ್ತೆ, ಅವರಿಗೆ ಗೊತ್ತೇ ಆಗಿರಲ್ಲ. ರಾತ್ರಿ ಸದ್ದು ಇಲ್ಲ, ಕೆಲಸ ಇಲ್ಲ, ಗಮನವೆಲ್ಲ ಮೈಯ ಒಳಗೆ. ಜೊತೆಗೆ ವಿಶ್ರಾಂತಿಗೆ ಇಳಿದಾಗ ಬಡಿತ ನಿಧಾನವಾಗುತ್ತೆ, ಒಂದಕ್ಕೊಂದು ಅಂತರ ಹೆಚ್ಚುತ್ತೆ, ಆ ಅಂತರದಲ್ಲಿ ಹೆಚ್ಚುವರಿ ಬಡಿತ ನುಸುಳೋಕೆ ಜಾಗ ಸಿಗುತ್ತೆ. ಎಡಮಗ್ಗುಲಲ್ಲಿ ಮಲಗಿದರೆ ಹೃದಯ ಎದೆಗೂಡಿನ ಗೋಡೆಗೆ ಇನ್ನಷ್ಟು ಹತ್ತಿರ ಬರುತ್ತೆ, ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಬಲಕ್ಕೆ ತಿರುಗಿ ನೋಡಿ. ಎಷ್ಟೋ ಜನರಿಗೆ ಅಷ್ಟರಲ್ಲೇ ಕಡಿಮೆ ಆಗುತ್ತೆ.

ಇನ್ನೊಂದು ಇದೆ, ಅದನ್ನೂ ಇದಕ್ಕೇ ಸೇರಿಸಿ ಹೆದರುತ್ತಾರೆ. ನಿದ್ದೆಗೆ ಜಾರುವಾಗ ಎಲ್ಲಿಂದಲೋ ಬಿದ್ದ ಹಾಗೆ ಮೈಯೆಲ್ಲ ಒಮ್ಮೆ ಜಗ್ಗಿ, ಎದೆ ಝಲ್ ಅಂದು ಎಚ್ಚರ ಆಗುತ್ತಲ್ವಾ? ಅದು ಸ್ನಾಯುಗಳ ಎಳೆತ. ಹೃದಯದಿಂದ ಶುರುವಾದದ್ದಲ್ಲ. ನಿದ್ದೆಗೆಟ್ಟಾಗ, ಚಹಾ ಜಾಸ್ತಿ ಆದಾಗ ಹೆಚ್ಚು ಬರುತ್ತೆ.

ನಿಮ್ಮ ಇಸಿಜಿ ನಾರ್ಮಲ್ ಬಂದದ್ದಕ್ಕೂ ಕಾರಣ ಸರಳ. ಮಾಮೂಲಿ ಇಸಿಜಿ ಹಿಡಿಯೋದು ಸುಮಾರು 10 ಸೆಕೆಂಡಿನ ಬಡಿತ. ನೀವು ಬೆಳಗ್ಗೆ 11 ಗಂಟೆಗೆ ಬಂದು ಮಲಗಿದ 10 ಸೆಕೆಂಡಿನಲ್ಲಿ ರಾತ್ರಿಯದ್ದು ಬರಲೇಬೇಕು ಅಂತೇನಿಲ್ಲ. ಹಾಗಂತ ಆ ಇಸಿಜಿ ದಂಡ ಅಲ್ಲ, ಬೇರೆ ಕೆಲವು ತೊಂದರೆಗಳ ಗುರುತು ಅದರಲ್ಲೇ ಸಿಗುತ್ತೆ. ನಿಮ್ಮ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿ ಪೂರ್ತಿ ಇರಲ್ಲ. ಅದಕ್ಕೆ 24 ಗಂಟೆಯ ಹೋಲ್ಟರ್ ಬೇಕು, ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ದಿನವೂ ಬರಲ್ಲ ಅಂದರೆ ಇನ್ನೂ ಹೆಚ್ಚು ದಿನ ಹಾಕುವ ಯಂತ್ರಗಳೂ ಇವೆ.

ಹೋಲ್ಟರ್ ಅಂದರೆ ಹೆದರೋದೇನೂ ಬೇಡ. ಎದೆಯ ಮೇಲೆ ಕೆಲವು ಸ್ಟಿಕ್ಕರ್, ಅದರಿಂದ ವೈರ್, ಸೊಂಟಕ್ಕೋ ಕುತ್ತಿಗೆಗೋ ಒಂದು ಪುಟ್ಟ ಪೆಟ್ಟಿಗೆ. ಎದೆ ಮೇಲೆ ಕೂದಲಿದ್ದರೆ ಅಷ್ಟು ಜಾಗ ಬೋಳಿಸಿ, ಸ್ಪಿರಿಟ್ ಹಚ್ಚಿ ಒರೆಸಿ ಅಂಟಿಸುತ್ತೇವೆ. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಬೆವರಿಗೆ ಸ್ಟಿಕ್ಕರ್ ಬಿಟ್ಟುಬಿಡೋದೇ ದೊಡ್ಡ ಕಷ್ಟ. ಹಾಗಾಗಿ ಅವತ್ತು ಎಣ್ಣೆ, ಪೌಡರ್ ಹಚ್ಚಿಕೊಳ್ಳದೆ ಬನ್ನಿ, ಸ್ನಾನ ಮುಗಿಸಿಕೊಂಡೇ ಬನ್ನಿ. ಮುಖ್ಯವಾದದ್ದು ಜೊತೆಗೆ ಕೊಡುವ ಹಾಳೆ. ಎದೆಯಲ್ಲಿ ಏನಾದರೂ ಅನಿಸಿದ ಕೂಡಲೇ ಯಂತ್ರದ ಗುಂಡಿ ಒತ್ತಿ, ಹಾಳೆಯಲ್ಲಿ ಸಮಯ ಬರೆಯಿರಿ: "ರಾತ್ರಿ 11.40, ಎಡಮಗ್ಗುಲು, ಪಟಪಟ." ಖಾಲಿ ಹಾಳೆ ತಂದುಕೊಡುವವರೇ ಜಾಸ್ತಿ, ನನಗೆ ನಿಜವಾಗಲೂ ಬೇಜಾರಾಗುತ್ತೆ. ಯಾಕಂದರೆ ನೀವು ಬರೆದ ಸಮಯಕ್ಕೂ ದಾಖಲೆಯಲ್ಲಿ ಬಂದದ್ದಕ್ಕೂ ತಾಳೆ ನೋಡೋದರಲ್ಲೇ ಈ ಪರೀಕ್ಷೆಯ ಅರ್ಧ ಬೆಲೆ ಇದೆ. ನಿಮಗೆ ಪಟಪಟ ಅನಿಸಿದ ನಿಮಿಷದಲ್ಲಿ ಬಡಿತ ಸರಿಯಾಗೇ ಇತ್ತು ಅಂತ ಬಂದರೆ ಅದೂ ಒಂದು ಉತ್ತರವೇ. ಆಗ ಅಸಿಡಿಟಿ, ಗಾಬರಿ, ಸ್ನಾಯು ಸೆಳೆತದ ಕಡೆ ನೋಡಬೇಕು.

ರಿಪೋರ್ಟ್ ಕೈಗೆ ಬಂದಾಗ ಅಂಕಿ ನೋಡಿ ಗಾಬರಿ ಆಗಬೇಡಿ. ಹೃದಯ ಒಂದು ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ. ಅದರಲ್ಲಿ ಕೆಲವು ಹೆಚ್ಚುವರಿ ಬಡಿತ ಆರೋಗ್ಯವಂತರಲ್ಲೂ ಇರುತ್ತವೆ. ಒಟ್ಟು ಬಡಿತದಲ್ಲಿ ಇಂಥವು ಶೇ. 10 ಮುಟ್ಟಿತು ಅಂದರೆ ಡಾಕ್ಟರುಗಳು ಜಾಸ್ತಿ ಗಮನ ಕೊಡುತ್ತಾರೆ, ಯಾಕಂದರೆ ವರ್ಷಗಟ್ಟಲೆ ಹಾಗೇ ಇದ್ದರೆ ಹೃದಯದ ಸ್ನಾಯು ಸೋಲಬಹುದು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಹೃದಯದ ರಚನೆ ಸರಿ ಇದೆ ಅಂತ ಗೊತ್ತಾದರೆ ಅರ್ಧ ಭಾರ ಇಳಿದ ಹಾಗೆ. ಚಿಕ್ಕವರಿದ್ದಾಗ ಜ್ವರದ ಜೊತೆ ಕೀಲು ಊದಿಕೊಂಡು ನೋವಾಗಿತ್ತಾ ಅಂತ ಮನೆಯಲ್ಲಿ ಅಮ್ಮನನ್ನು ಕೇಳಿ, ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಆ ಥರದ ಜ್ವರ ಕೆಲವರಲ್ಲಿ ಹೃದಯದ ಕವಾಟ ಕೆಡಿಸುತ್ತೆ, ವರ್ಷಗಳಾದ ಮೇಲೆ ಬಡಿತದ ತೊಂದರೆಯಾಗಿ ಕಾಣಿಸಿಕೊಳ್ಳಬಹುದು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಪೊಟ್ಯಾಸಿಯಂ ಸಾಮಾನ್ಯವಾಗಿ ಬರೆಯುತ್ತಾರೆ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಹಾರುತ್ತೆ. ಥೈರಾಯ್ಡ್ ಮಾತ್ರೆಯ ಡೋಸ್ ಹೆಚ್ಚಾದರೂ ಹಾಗೇ.

ಈಗ ನಿಮ್ಮ ಶಿಫ್ಟ್ ಕೆಲಸದ ವಿಷಯ. ನೈಟ್ ಶಿಫ್ಟ್‌ನಲ್ಲಿ ಕಣ್ಣು ಎಳೆಯದಿರಲಿ ಅಂತ ಎಷ್ಟು ಸಲ ಚಹಾ? ಬಾಯಲ್ಲಿ ಗುಟ್ಕಾ, ತಂಬಾಕು ಇದೆಯಾ? ನೀವು ಬರೆದಿಲ್ಲ, ಆದರೆ ನಾನು ಎಲ್ಲರನ್ನೂ ಕೇಳ್ತೀನಿ. ಚಹಾದ ಕೆಫೀನ್ ಅರ್ಧ ಇಳಿಯೋಕೇ ಸುಮಾರು 5 ಗಂಟೆ ಬೇಕು. ಬೆಳಗಿನ ಜಾವ 4ಕ್ಕೆ ಕುಡಿದದ್ದು ನೀವು 9ಕ್ಕೆ ಮಲಗುವಾಗ ಅರ್ಧ ಮೈಯಲ್ಲೇ ಇರುತ್ತೆ. ನಿಕೋಟಿನ್ ನೇರವಾಗಿ ಬಡಿತ ಏರಿಸುತ್ತೆ, ಗುಟ್ಕಾದಲ್ಲಿ ಅಡಿಕೆಯದ್ದೂ ಸೇರಿಕೊಳ್ಳುತ್ತೆ. ಸಂಜೆಯ ಡ್ರಿಂಕ್ಸ್ ಕೂಡ ಹಾಗೇ, ನಿದ್ದೆ ಬರಿಸುತ್ತೆ ಅಂತ ಕುಡಿಯುತ್ತಾರೆ, ಅದು ಇಳಿಯುವ ಹೊತ್ತಿಗೆ ಬಡಿತ ಏರುತ್ತೆ. ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಶೀತದ ಮಾತ್ರೆ, ಅಸ್ತಮಾದ ಇನ್ಹೇಲರ್, ಎನರ್ಜಿ ಡ್ರಿಂಕ್ ಇವೂ ಎದೆ ಹಾರಿಸುತ್ತವೆ. ಇನ್ಹೇಲರನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ಕುಲುಮೆ ಹತ್ತಿರ ಕೆಲಸ ಮಾಡುವವರ ಪಾಡು ಕೇಳಲೇಬೇಡಿ. ಬೆವರಿನಲ್ಲಿ ನೀರಿನ ಜೊತೆ ಲವಣವೂ ಹೋಗುತ್ತೆ. ಮಜ್ಜಿಗೆ, ಎಳನೀರು ಒಳ್ಳೇದು. ಕಿಡ್ನಿ ತೊಂದರೆ ಇದ್ದವರು ಎಳನೀರನ್ನು ಕೇಳಿಯೇ ಕುಡಿಯಬೇಕು. ಇನ್ನು ಊಟ. ಒಗ್ಗರಣಿ ಮಿರ್ಚಿ ಯಾರಿಗೆ ಬೇಡ ಹೇಳಿ, ಆದರೆ ಹೊಟ್ಟೆ ತುಂಬಾ ತಿಂದು ಹಾಗೇ ಒರಗಿದರೆ ಅಸಿಡಿಟಿ ಮೇಲಕ್ಕೆ ಬರುತ್ತೆ. ಅನ್ನನಾಳ ಹೋಗೋದೇ ಹೃದಯದ ಬೆನ್ನಿಗೆ ಅಂಟಿಕೊಂಡು. ಊಟಕ್ಕೂ ಮಲಗೋದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ.

ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಂತು ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತೀರಾ ಅಂತ ಮನೆಯವರನ್ನು ಕೇಳಿ. ಹೌದು ಅಂದರೆ ಅದಕ್ಕೆ ಬೇರೆ ಪರೀಕ್ಷೆ ಇದೆ, ಮಾಡಿಸಲೇಬೇಕು. ಉಸಿರು ಕಟ್ಟುವ ಆ ಕಾಯಿಲೆಗೂ ಬಡಿತ ಅಡ್ಡಾದಿಡ್ಡಿ ಆಗೋದಕ್ಕೂ ಹತ್ತಿರದ ನಂಟಿದೆ.

ನಿದ್ದೆಯಲ್ಲೇ ಹೋಗಿಬಿಡ್ತೀನಾ ಅಂತ ಕೇಳಿದ್ದೀರಲ್ಲ, ಆ ಭಯ ನನಗೆ ಅರ್ಥ ಆಗುತ್ತೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ರಾಜ್ಯದ ಉದ್ದಗಲ ಆಸ್ಪತ್ರೆಗಳಲ್ಲಿ ಹೃದಯ ತೋರಿಸಿಕೊಳ್ಳೋಕೆ ಜನ ಸಾಲುಗಟ್ಟಿದರು. 46 ವರ್ಷ, ಅಷ್ಟು ಗಟ್ಟಿಮುಟ್ಟಾದ ಮನುಷ್ಯ. ಯಾರಿಗಾದರೂ ಎದೆ ಒಡೆಯುತ್ತೆ. ಆದರೆ ಹಾರ್ಟ್ ಅಟ್ಯಾಕ್ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳೋದು. ನಿಮಗೆ ಆಗುತ್ತಿರೋದು ಬಡಿತದ ತಾಳದ ವಿಷಯ. ಎರಡೂ ಒಂದೇ ಅಲ್ಲ. ಹೃದಯದ ರಚನೆ ಸರಿ ಇರುವವರಲ್ಲಿ ಅಪರೂಪಕ್ಕೊಂದು ಎಕ್ಟೋಪಿಕ್ ಬಂದರೆ ಅದು ಅಟ್ಯಾಕಿನ ಮುನ್ಸೂಚನೆ ಅಲ್ಲ. ಭಯ ಬಿದ್ದಾಗ ಅಡ್ರಿನಲಿನ್ ಏರುತ್ತೆ, ಅದರಿಂದ ಇಂಥ ಬಡಿತ ಇನ್ನೂ ಜಾಸ್ತಿ ಆಗುತ್ತೆ, ನಿದ್ದೆ ಕೆಡುತ್ತೆ, ಮರುದಿನ ಮತ್ತೆ ಅದೇ. ಈ ಸುತ್ತು ಒಡೆಯೋಕೇ ದಾಖಲೆ ಬೇಕು ಅನ್ನೋದು.

ಆದರೆ ಕೆಲವು ಗುರುತು ಕಂಡರೆ ಕಾಯಬಾರದು. ಎದೆ ಹಾರುವಾಗ ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ನೋವು ಇಲ್ಲವೇ ಉಸಿರಾಟದ ತೊಂದರೆ ಇದ್ದರೆ, ಕೂತಾಗಲೂ ಬಡಿತ ನಿಮಿಷಕ್ಕೆ 150ರ ಮೇಲೆ ಏರಿ ಇಳಿಯದೇ ಇದ್ದರೆ 108ಕ್ಕೆ ಫೋನ್ ಮಾಡಿ. ಓಡುವಾಗ, ಭಾರ ಎತ್ತುವಾಗ ಎದೆ ಹಾರಿದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಬೇಗ ಹೃದಯದ ಡಾಕ್ಟರನ್ನು ನೋಡಿ. ಸ್ವಿಚ್ ಹಾಕಿದ ಹಾಗೆ ಶುರುವಾಗಿ ಹಾಗೇ ನಿಲ್ಲುವ ವೇಗದ ಬಡಿತ ಇನ್ನೊಂದು ಬಗೆ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ತೀರಾ ದೂರದ ಊರಲ್ಲಿರುವವರು ತಾಲೂಕು ಆಸ್ಪತ್ರೆಗೇ ಹೋಗಿ. ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುವ ವ್ಯವಸ್ಥೆ ಇದೆ.

ಪಕ್ಕದ ಮನೆಯವರ ಬಿಪಿ ಮಾತ್ರೆ "ಎದೆ ಬಡಿತಕ್ಕೂ ಒಳ್ಳೇದು" ಅಂತ ನುಂಗಬೇಡಿ. ಹೆಚ್ಚುವರಿ ಬಡಿತ ಅಡಗಿಸಿದರೆ ಒಳ್ಳೇದೇ ಆಗುತ್ತೆ ಅಂತಲೂ ಇಲ್ಲ. 1989ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ಹಾರ್ಟ್ ಅಟ್ಯಾಕ್ ಆದವರಿಗೆ ಇಂಥ ಬಡಿತ ಅಡಗಿಸುವ ಮಾತ್ರೆ ಕೊಟ್ಟು ನೋಡಿದ್ದರು. ಬಡಿತ ಅಡಗಿತು, ಆದರೆ ಮಾತ್ರೆ ತಗೊಂಡವರಲ್ಲೇ ಸಾವು ಹೆಚ್ಚಾಯಿತು. ಡಾಕ್ಟರ್ "ಇದಕ್ಕೆ ಏನೂ ಬೇಡ, ಹೋಗಿ" ಅಂದರೆ ಅದು ಅಸಡ್ಡೆ ಅಂತ ತಿಳಿಯಬೇಡಿ.

ಇವತ್ತು ರಾತ್ರಿ ಮತ್ತೆ ಬಂದರೆ ಬಲಕ್ಕೆ ತಿರುಗಿ, ಇಲ್ಲ ಎದ್ದು ಕೂತು ಸ್ವಲ್ಪ ನೀರು ಕುಡಿಯಿರಿ. ಉಸಿರು ನಿಧಾನ ಎಳೆದು, ಅದಕ್ಕಿಂತ ನಿಧಾನ ಬಿಡಿ. ಕೈಯ ಹೆಬ್ಬೆರಳ ಬುಡದ ಹತ್ತಿರ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಹೆಬ್ಬೆರಳಿಂದ ನೋಡಬೇಡಿ, ಅದರದ್ದೇ ನಾಡಿ ಸಿಕ್ಕಿಬಿಡುತ್ತೆ. ಎಷ್ಟು ಬಡಿತ, ನಡುವೆ ಒಂದೊಂದು ತಪ್ಪಿತಾ ಇಲ್ಲ ತಾಳವೇ ಇಲ್ಲದ ಹಾಗೆ ಅಡ್ಡಾದಿಡ್ಡಿ ಇತ್ತಾ, ಅಷ್ಟು ಬರೆದಿಟ್ಟು ಮಲಗಿ. ತಾಳವೇ ಇಲ್ಲ ಅನಿಸಿದರೆ ಬೆಳಗ್ಗೆಯೇ ಹೋಗಿ ಇಸಿಜಿ ಮಾಡಿಸಿ. ರಾತ್ರಿಯಿಡೀ ನಾಡಿ ಹಿಡಿದು ಕೂರಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಆ ಚೀಟಿ, ಹಳೆಯ ಇಸಿಜಿ ಪಟ್ಟಿ, ಈಗ ತಗೊಳ್ಳುತ್ತಿರುವ ಮಾತ್ರೆಗಳ ಹಾಳೆಗಳು ಜೊತೆಯಲ್ಲಿರಲಿ. ಗುಟ್ಕಾ, ಚಹಾ, ಕುಡಿತದ ಲೆಕ್ಕ ಕೇಳಿದರೆ ನಾಚಿಕೊಳ್ಳದೆ ಇದ್ದದ್ದು ಇದ್ದ ಹಾಗೆ ಹೇಳಿ.